ಹಳೆಯ ಕಾರಿನ ರೋಗನಿದಾನ: ಎಂಜಿನ್ನಿನ ‘ಮಿಸ್ಸಿಂಗ್’ ಕುರಿತು

(ಸಂಘದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಸಂಘದ ವೇದಿಕೆಯಿಂದ ವಚನ, ಕೀರ್ತನೆ, ಕಾವ್ಯಗಳ ವಿಚಾರವಾಗಿ ಮಾತನಾಡುವುದು ವಾಡಿಕೆ. ಹಳೆಯ ಕಾರಿನ ಎಂಜಿನ್ನು ಏಕೆ ನಡುಗುತ್ತದೆ ಎಂಬುದು ಆ ಸಾಲಿಗೆ ಸೇರುವ ವಿಷಯವಲ್ಲ. ಆದರೂ ಇದನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಟೆಕ್ಸಾಸಿನಲ್ಲಿ ನೆಲೆಸಿದ ನಮಗೆ ಕಾರು ಕಾಲಿದ್ದಂತೆ. ಡಲ್ಲಾಸಿನಿಂದ ಆಸ್ಟಿನ್ನಿಗೆ ಸುಮಾರು 200 ಮೈಲಿ, ಹ್ಯೂಸ್ಟನ್ನಿಗೆ 240 ಮೈಲಿ. ದಿನಸಿ ಅಂಗಡಿಗೂ ನಡೆದು ಹೋಗುವಂತಿಲ್ಲ. ಹೊಸ ಕಾರನ್ನು ಕೊಂಡಾಗ ಹಳೆಯದನ್ನು ಮಾರದೆ, ಕಾಲೇಜಿಗೆ ಹೊರಟ ಮಗನಿಗೋ ಮಗಳಿಗೋ ಕೊಡುತ್ತೇವೆ. ಇಲ್ಲವೇ ಊರಿನಿಂದ ಈಗತಾನೆ ಬಂದಿಳಿದ ಬಂಧುವಿಗೆ ಬಿಟ್ಟುಕೊಡುತ್ತೇವೆ. ಹೀಗಾಗಿ ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಹಳೆಯ ಕಾರನ್ನು ಓಡಿಸುವವರು ಎಲ್ಲರಿಗಿಂತ ಕಿರಿಯರು, ಅಥವಾ ಈ ರಸ್ತೆಗಳಿಗೆ ಎಲ್ಲರಿಗಿಂತ ಹೊಸಬರು. ಹೆದ್ದಾರಿಯ ನಡುವೆ ಆ ಕಾರು ಕೈಕೊಟ್ಟರೆ ಏನು ಮಾಡಬೇಕೆಂಬುದು ಅವರಿಗೇ ತಿಳಿದಿರುವುದಿಲ್ಲ.

ಮೊದಲು ಒಂದು ಶಬ್ದದ ವಿಚಾರ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ನಮ್ಮೂರುಗಳ ಮೆಕ್ಯಾನಿಕ್ಕುಗಳು ಬಾನೆಟ್ ಎತ್ತುವ ಮೊದಲೇ ‘ಮಿಸ್ಸಿಂಗ್ ಹೊಡೀತಿದೆ’ ಎಂದು ಹೇಳಿಬಿಡುತ್ತಿದ್ದರು. ಇಂಗ್ಲಿಷಿನಿಂದ ಬಂದ ಈ ಶಬ್ದ ನಮ್ಮ ಗ್ಯಾರೇಜುಗಳಲ್ಲಿ ಅಪ್ಪಟ ಕನ್ನಡವಾಗಿ ನೆಲೆನಿಂತಿದೆ. ಪಂಡಿತರು ಬೇರೊಂದು ಪದವನ್ನು ಸೃಷ್ಟಿಸಬಹುದು. ನಮಗೆ ಇದೇ ಸಾಕು. ತಾಳದಲ್ಲಿ ಒಂದು ಪೆಟ್ಟು ತಪ್ಪಿದೆ ಎಂಬ ಅರ್ಥ ಅದರಲ್ಲಿ ಸ್ಪಷ್ಟವಾಗಿದೆ.

ಆ ತಾಳದ ಲೆಕ್ಕ ಹೀಗೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿಯೊಂದು ಸಿಲಿಂಡರೂ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ, ಅದುಮುತ್ತದೆ, ಕಿಡಿ ತಗುಲಿ ಉರಿದಾಗ ಶಕ್ತಿ ಕೊಡುತ್ತದೆ, ಹೊಗೆಯನ್ನು ಹೊರದೂಡುತ್ತದೆ. ಈ ನಾಲ್ಕು ಹೆಜ್ಜೆಗಳಿಗೆ ಎಂಜಿನ್ನು ಎರಡು ಸುತ್ತು ತಿರುಗಬೇಕು. ಕಾರು ಸಿಗ್ನಲಿನಲ್ಲಿ ನಿಂತಾಗ ಎಂಜಿನ್ನು ನಿಮಿಷಕ್ಕೆ 700 ಸುತ್ತು ತಿರುಗುತ್ತಿದೆ ಎನ್ನೋಣ. ಆಗ ಒಂದೊಂದು ಸಿಲಿಂಡರೂ ನಿಮಿಷಕ್ಕೆ 350 ಬಾರಿ, ಎಂದರೆ ಸೆಕೆಂಡಿಗೆ ಸುಮಾರು ಆರು ಬಾರಿ ಉರಿಯುತ್ತದೆ. ಅಂಬಾಸಿಡರಿನಲ್ಲಿಯೂ ಇಂದಿನ ಬಹುತೇಕ ನಾಲ್ಕು ಸಿಲಿಂಡರಿನ ಜಪಾನೀ ಕಾರುಗಳಲ್ಲಿಯೂ ಉರಿಯುವ ಸರದಿ ಒಂದೇ: 1, 3, 4, 2. ಈ ಸರದಿಯಲ್ಲಿ ಒಂದು ಸಿಲಿಂಡರು ಸುಮ್ಮನಾದರೆ ಉಳಿದ ಮೂರು ಅದನ್ನೂ ಹೊತ್ತು ತಿರುಗಬೇಕಾಗುತ್ತದೆ. ನಮ್ಮ ಕೈಗೆ ಸ್ಟಿಯರಿಂಗಿನಲ್ಲಿ ತಿಳಿಯುವ ನಡುಕ ಅದೇ.

ಸಿಲಿಂಡರು ಸುಮ್ಮನಾಗುವುದಕ್ಕೆ ಮೂಲತಃ ಮೂರೇ ಕಾರಣ: ಕಿಡಿ ಇಲ್ಲ, ಗಾಳಿ–ಪೆಟ್ರೋಲಿನ ಪ್ರಮಾಣ ಸರಿಯಿಲ್ಲ, ಅಥವಾ ಅದುಮುವ ಒತ್ತಡವಿಲ್ಲ. ಬಿಡಿಭಾಗಗಳು ನೂರಾರಿದ್ದರೂ ಅವೆಲ್ಲ ಈ ಮೂರು ಮನೆತನಗಳಿಗೇ ಸೇರಿದವು. ಆದುದರಿಂದ ಕೇಳಬೇಕಾದ ಮೊದಲ ಪ್ರಶ್ನೆ ‘ಯಾವ ಭಾಗವನ್ನು ಬದಲಿಸಬೇಕು’ ಎಂಬುದಲ್ಲ. ಯಾವ ಸಿಲಿಂಡರು ಸುಮ್ಮನಿದೆ, ಅಥವಾ ಎಲ್ಲವೂ ಒಮ್ಮೊಮ್ಮೆ ತಪ್ಪುತ್ತಿವೆಯೇ? ಇದು ಗೊತ್ತಾದ ಮೇಲೆ ಮೂರು ಮನೆತನಗಳಲ್ಲಿ ಯಾವುದೆಂದು ಹುಡುಕಬೇಕು. ಹಣ ಬಿಚ್ಚುವುದು ಅದರ ನಂತರ.

ನಡುಗುವುದೆಲ್ಲ ಮಿಸ್ಸಿಂಗ್ ಅಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಹದಿನೈದು–ಇಪ್ಪತ್ತು ವರ್ಷದ ಕಾರಿನಲ್ಲಿ ಎಂಜಿನ್ನನ್ನು ಹಿಡಿದಿಡುವ ರಬ್ಬರ್ ಮೌಂಟುಗಳು ಹರಿದಿರುತ್ತವೆ. ಬ್ರೇಕು ತುಳಿದು ‘ಡಿ’ಯಲ್ಲಿ ನಿಂತಾಗ ಡ್ಯಾಶ್‌ಬೋರ್ಡೆಲ್ಲ ಅದುರಿ, ‘ಎನ್’ಗೆ ತಂದೊಡನೆ ಶಾಂತವಾಗಿ, ಅಷ್ಟು ಹೊತ್ತೂ ಆರ್‌ಪಿಎಂ ಮುಳ್ಳು ಅಲುಗದೆ ನಿಂತಿದ್ದರೆ ಮೊದಲು ಮೌಂಟುಗಳನ್ನು ಸಂದೇಹಿಸಬೇಕು. ಹಳಬರ ಉಪಾಯವೊಂದುಂಟು: ಸೈಲೆನ್ಸರಿನ ಬಾಯಿಯ ಬಳಿ ಒಂದು ಕಾಗದದ ತುಂಡನ್ನು ಹಿಡಿಯುವುದು. ಎಂಜಿನ್ನು ಸರಿಯಾಗಿದ್ದರೆ ಕಾಗದವು ಒಂದೇ ಸಮನೆ ಹೊರಕ್ಕೆ ಹಾರಾಡುತ್ತದೆ. ಸಿಲಿಂಡರು ತಪ್ಪುತ್ತಿದ್ದರೆ ಆಗಾಗ ಒಳಕ್ಕೆ ಸೆಳೆದುಕೊಂಡಂತಾಗುತ್ತದೆ. ಇದನ್ನು ಬಯಲಿನಲ್ಲಿಯೇ ಮಾಡಬೇಕು. ಮುಚ್ಚಿದ ಗರಾಜಿನಲ್ಲಿ ಎಂಜಿನ್ನನ್ನು ಓಡಿಸಿದರೆ ಆ ಹೊಗೆ ಪ್ರಾಣವನ್ನೇ ತೆಗೆಯಬಲ್ಲದು.

ಈಗ ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಡಲ್ಲಾಸಿನ ಮನೆಯೊಂದರ 2003ರ ಕೊರೊಲ್ಲಾದಲ್ಲಿ ಮಗಳು ಆಸ್ಟಿನ್ನಿನ ವಿಶ್ವವಿದ್ಯಾಲಯಕ್ಕೆ ಹೊರಟಿದ್ದಾಳೆ. ವೇಕೋ ದಾಟಿದ ಮೇಲೆ ಕಾರು ಜಗ್ಗತೊಡಗಿ, ಚೆಕ್ ಎಂಜಿನ್ ದೀಪವು ಮಿಟುಕುತ್ತದೆ. ಈ ದೀಪಕ್ಕೆ ಎರಡು ಭಾಷೆಗಳಿವೆ. ಸುಮ್ಮನೆ ಹೊತ್ತಿಕೊಂಡಿದ್ದರೆ ಬೇಗ ನೋಡಿಸಿ ಎಂದು ಅರ್ಥ. ಮಿಟುಕುತ್ತಿದ್ದರೆ, ಉರಿಯದ ಪೆಟ್ರೋಲು ಹೊಗೆಯ ಕೊಳವೆಗೆ ಹರಿದು ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿದೆ ಎಂದು ಅರ್ಥ. ಪ್ಲಾಟಿನಮ್, ಪಲ್ಲೇಡಿಯಮ್, ರೋಡಿಯಮ್‌ಗಳಂತಹ ದುಬಾರಿ ಲೋಹಗಳ ಲೇಪವಿರುವ ಜೇನುಗೂಡಿನಂತಹ ಭಾಗವದು. ಅತಿಯಾಗಿ ಕಾದರೆ ಒಳಗೇ ಕರಗಿ ಕಟ್ಟಿಕೊಳ್ಳುತ್ತದೆ. ಒಂದು ಕಾಯಿಲಿನ ದುರಸ್ತಿಯಲ್ಲಿ ಮುಗಿಯಬೇಕಾದದ್ದು ಹಳೆಯ ಕಾರಿನ ಬೆಲೆಯನ್ನೇ ಮುಟ್ಟಬಹುದು. ‘ಇನ್ನು ನೂರು ಮೈಲಿ ತಾನೆ, ಹೇಗೋ ತಲುಪಿಬಿಡು’ ಎಂದು ಫೋನಿನಲ್ಲಿ ಹೇಳುವ ತಂದೆ ಮಗಳಿಗೂ ಕಾರಿಗೂ ಉಪಕಾರ ಮಾಡಿದಂತಾಗುವುದಿಲ್ಲ. ಆಕೆ ಆಕ್ಸಿಲರೇಟರನ್ನು ಹಗುರ ಮಾಡಿ, ಬಲಗಡೆಯ ಸಾಲಿಗೆ ಸರಿದು, ಮುಂದಿನ ಎಗ್ಸಿಟ್ಟಿನಲ್ಲಿ ಇಳಿದು, ಪೆಟ್ರೋಲ್ ಬಂಕಿನ ಕಾಂಕ್ರೀಟಿನ ಮೇಲೆ ನಿಲ್ಲಿಸಬೇಕು. ರಸ್ತೆಯ ಬದಿಯ ಒಣಹುಲ್ಲಿನ ಮೇಲೆ ನಿಲ್ಲಿಸಲೇಬಾರದು. ಕಾದ ಕನ್ವರ್ಟರಿನಿಂದ ಹುಲ್ಲಿಗೆ ಬೆಂಕಿ ಹತ್ತುವುದು ಬೇಸಗೆಯ ಟೆಕ್ಸಾಸಿನಲ್ಲಿ ನಿಜವಾದ ಅಪಾಯ. ಅಲ್ಲಿಂದ ಮುಂದಕ್ಕೆ ಟೋ ಮಾಡಿಸುವುದೇ ಲೇಸು.

ಅಮೆರಿಕದಲ್ಲಿ 1996ರ ಮಾದರಿಯಿಂದೀಚಿನ ಎಲ್ಲ ಕಾರುಗಳಲ್ಲಿಯೂ ಸ್ಟಿಯರಿಂಗಿನ ಕೆಳಗೆ ಒಂದೇ ಬಗೆಯ ಓಬಿಡಿ ಕನೆಕ್ಟರ್ ಇದೆ. ಅದಕ್ಕೆ ಸಿಕ್ಕಿಸುವ ಸಂಕೇತ ಓದುವ ಯಂತ್ರ ಮನೆಮಂದಿಯ ಒಂದು ಹೋಟೆಲ್ ಊಟಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಪಿ 0300 ಎಂದು ಬಂದರೆ ಹಲವು ಸಿಲಿಂಡರುಗಳು ಅಲ್ಲಲ್ಲಿ ತಪ್ಪುತ್ತಿವೆ. ಪಿ 0301, 0302 ಎಂದು ಬಂದರೆ ಕೊನೆಯ ಅಂಕಿಯೇ ತಪ್ಪುತ್ತಿರುವ ಸಿಲಿಂಡರಿನ ಸಂಖ್ಯೆ. ಆದರೆ ಈ ಸಂಕೇತಗಳು ರೋಗದ ಲಕ್ಷಣವನ್ನು ಹೇಳುತ್ತವೆಯೇ ಹೊರತು ಔಷಧಿಯನ್ನಲ್ಲ. ಇಲ್ಲಿಯೇ ಅನೇಕರು ಹಣ ಕಳೆಯುವುದು. ಒಂದು ಸಿಲಿಂಡರಿನಲ್ಲಿ ಕಿಡಿ ಇಲ್ಲದಿದ್ದರೆ ಅದರೊಳಗಿನ ಗಾಳಿ ಬಳಕೆಯಾಗದೆ ಹಾಗೆಯೇ ಹೊರಬರುತ್ತದೆ. ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಆ ಹೆಚ್ಚಿನ ಆಮ್ಲಜನಕವನ್ನು ಕಂಡು ‘ಪೆಟ್ರೋಲು ಕಡಿಮೆಯಾಗಿದೆ’ ಎಂದು ವರದಿ ಮಾಡುತ್ತದೆ. ಪಾಪ, ಅದು ಕಂಡದ್ದನ್ನು ಹೇಳಿದೆ. ಆದರೆ ಸಂಕೇತದಲ್ಲಿ ಅದರ ಸುಳಿವು ಬಂದಿತೆಂದು ಸೆನ್ಸರನ್ನೇ ಕಿತ್ತು ಹೊಸದನ್ನು ಹಾಕಿಸುವವರಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ಇದಕ್ಕೆಂದೇ ಹುಟ್ಟಿದಂತಿದೆ.

ನಮ್ಮ ಕೊರೊಲ್ಲಾಕ್ಕೆ ಬರೋಣ. ಯಂತ್ರವು ಪಿ 0302 ಎಂದು ತೋರಿಸಿತೆನ್ನಿ. ಈ ಎಂಜಿನ್ನಿನಲ್ಲಿ ಒಂದೊಂದು ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲ್ ಕುಳಿತಿದೆ. ಬೆಲ್ಟುಗಳು ತಿರುಗುವ ಬದಿಯಿಂದ ಎಣಿಸಿದರೆ ಎರಡನೆಯದು ನಮ್ಮ ರೋಗಿ. ಎಂಜಿನ್ನು ಆರಿದ ಮೇಲೆ, 10 ಮಿಲಿಮೀಟರಿನ ಒಂದು ಬೋಲ್ಟನ್ನು ಬಿಚ್ಚಿ ಎರಡನೆಯದರ ಕಾಯಿಲನ್ನು ನಾಲ್ಕಕ್ಕೂ ನಾಲ್ಕರದನ್ನು ಎರಡಕ್ಕೂ ಅದಲುಬದಲು ಮಾಡಿ, ಸಂಕೇತವನ್ನು ಅಳಿಸಿ, ಬೀದಿಯಲ್ಲಿ ಎರಡು ಸುತ್ತು ಹಾಕಿ ಬರಬೇಕು. ಈಗ ಪಿ 0304 ಎಂದು ಬಂದರೆ ರೋಗವು ಕಾಯಿಲಿನ ಜೊತೆಯಲ್ಲಿಯೇ ಮನೆ ಬದಲಿಸಿದೆ, ಕಾಯಿಲೇ ದೋಷಿ. ಪಿ 0302 ಆಗಿಯೇ ಉಳಿದರೆ ಕಾಯಿಲ್ ನಿರಪರಾಧಿ. ಮುಂದೆ ಪ್ಲಗ್ಗನ್ನು, ಅದರಿಂದಲೂ ತಿಳಿಯದಿದ್ದರೆ ಇಂಜೆಕ್ಟರನ್ನು ಹೀಗೆಯೇ ಸ್ಥಳ ಬದಲಿಸಿ ನೋಡಬಹುದು. ಇಂಜೆಕ್ಟರಿನ ಕೆಲಸದಲ್ಲಿ ಒತ್ತಡದಲ್ಲಿರುವ ಪೆಟ್ರೋಲು ಚಿಮ್ಮುವುದರಿಂದ ಅದನ್ನು ಮಾತ್ರ ತಿಳಿದವರಿಗೆ ಬಿಡುವುದು ಒಳ್ಳೆಯದು. ಒಂದು ಬಾರಿಗೆ ಒಂದನ್ನೇ ಬದಲಿಸಬೇಕೆಂಬ ನಿಯಮವನ್ನು ಮೀರಬಾರದು. ಎರಡನ್ನು ಒಟ್ಟಿಗೆ ಬದಲಿಸಿದರೆ ಕಾರು ಸರಿಯಾದರೂ ಆಗಬಹುದು, ಕಾರಣ ಮಾತ್ರ ತಿಳಿಯುವುದಿಲ್ಲ. ಈ ಪರೀಕ್ಷೆಗೆ ಬೇಕಾದದ್ದು ಅರ್ಧ ಗಂಟೆ, ಖರ್ಚು ಸೊನ್ನೆ.

1996ಕ್ಕಿಂತ ಹಿಂದಿನ ಕಾರನ್ನು ಇನ್ನೂ ಅಕ್ಕರೆಯಿಂದ ಇಟ್ಟುಕೊಂಡವರಿಗೆ ಹಳೆಯ ಕ್ರಮವೇ ಗತಿ. ಎಂಜಿನ್ನು ಓಡುತ್ತಿರುವಾಗ ಇಂಜೆಕ್ಟರುಗಳ ವಿದ್ಯುತ್ ಕೊಂಡಿಯನ್ನು ಒಂದೊಂದಾಗಿ ಬಿಡಿಸಿ ಮತ್ತೆ ಸಿಕ್ಕಿಸುತ್ತಾ ಹೋಗಬೇಕು. ಆರೋಗ್ಯವಾಗಿರುವ ಸಿಲಿಂಡರಿನ ಕೊಂಡಿ ಬಿಡಿಸಿದಾಗ ಎಂಜಿನ್ನು ಇನ್ನಷ್ಟು ಕುಂಟುತ್ತದೆ. ಯಾವುದನ್ನು ಬಿಡಿಸಿದರೂ ಬಿಡಿಸದಿದ್ದರೂ ಒಂದೇ ಎಂಬಂತೆ ಇರುತ್ತದೆಯೋ ಅದೇ ಸುಮ್ಮನಿರುವ ಸಿಲಿಂಡರು. ನಮ್ಮೂರಿನ ಮೆಕ್ಯಾನಿಕ್ಕುಗಳು ಪ್ಲಗ್ಗಿನ ತಂತಿಯನ್ನೇ ಎಳೆದು ಇದನ್ನು ಮಾಡುತ್ತಿದ್ದರು. ಈ ಕಾರುಗಳಲ್ಲಿ ಅದು ಬೇಡ: ಹಲವು ಸಾವಿರ ವೋಲ್ಟಿನ ಆಘಾತ ಕೈಗೂ ಆಗುತ್ತದೆ, ದುಬಾರಿ ಇಗ್ನಿಷನ್ ಮಾಡ್ಯೂಲಿಗೂ ಆಗುತ್ತದೆ. ಡಿಸ್ಟ್ರಿಬ್ಯೂಟರ್ ಇರುವ ತೊಂಬತ್ತರ ದಶಕದ ಹೊಂಡಾ, ಟೊಯೊಟಾಗಳಲ್ಲಿ ಮುಚ್ಚಳದ ಒಳಗಿನ ಬಿರುಕು ಮತ್ತು ತಂತಿಗಳ ಹೊದಿಕೆ ಇವೆರಡು ಹಳೆಯ ಅಪರಾಧಿಗಳು. ಹ್ಯೂಸ್ಟನ್ನಿನ ತೇವದ ಬೆಳಗಿನಲ್ಲಿ ಕುಂಟಿ, ಮಧ್ಯಾಹ್ನದ ಬಿಸಿಲಿಗೆ ಸರಿಯಾಗುವ ಕಾರಿನಲ್ಲಿ ಇವನ್ನೇ ಮೊದಲು ನೋಡಬೇಕು. ಕತ್ತಲಲ್ಲಿ ಬಾನೆಟ್ ಎತ್ತಿ ನಿಂತರೆ, ತಂತಿಯಿಂದ ಎಂಜಿನ್ನಿಗೆ ನೆಗೆಯುವ ನೀಲಿ ಕಿಡಿಗಳು ಕೆಲವೊಮ್ಮೆ ಬರಿಗಣ್ಣಿಗೇ ಕಾಣುತ್ತವೆ.

ಪ್ಲಗ್ಗನ್ನು ಹೊರತೆಗೆದಾಗ ಅದನ್ನು ಒರೆಸಿ ಎಸೆಯುವ ಮೊದಲು ನೋಡಬೇಕು. ವೈದ್ಯನು ನಾಲಿಗೆ ನೋಡಿದಂತೆ ಅದು. ತಿಳಿಗಂದು ಬಣ್ಣವಿದ್ದರೆ ಕ್ಷೇಮ. ಒಣಗಿದ ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲು ಹೆಚ್ಚಾಗುತ್ತಿದೆ. ಎಣ್ಣೆಯ ಜಿಡ್ಡು ಇದ್ದರೆ ರಿಂಗುಗಳೋ ವಾಲ್ವಿನ ಸೀಲುಗಳೋ ಸವೆದಿವೆ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಕಿಡಿ ಬಂದಿಲ್ಲ. ಉಳಿದ ಮೂರು ಕಂದಾಗಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಬೆಳ್ಳಗಿದ್ದು, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ನೀರು ಸಿಲಿಂಡರಿಗೆ ಸೋರುತ್ತಿದೆ. ಇದು ದೊಡ್ಡ ಕೆಲಸ. ಪ್ಲಗ್ಗು ಕೂರುವ ಗುಳಿಯಲ್ಲಿ ಎಣ್ಣೆ ನಿಂತಿದ್ದರೆ ಮೇಲಿನ ವಾಲ್ವ್ ಕವರಿನ ಗ್ಯಾಸ್ಕೆಟ್ ಸೋರುತ್ತಿದೆ ಎಂದು ತಿಳಿಯಬೇಕು. ಅದನ್ನು ಬದಲಿಸದೆ ಹೊಸ ಕಾಯಿಲ್ ಹಾಕಿದರೆ ಅದೂ ಎಣ್ಣೆಯಲ್ಲಿ ನೆನೆದು ಸಾಯುತ್ತದೆ.

ಈ ಪ್ರಾಂತದ ಬಿಸಿಲು ರಬ್ಬರಿಗೆ ಮಹಾಶತ್ರು. 2011ರ ಒಂದೇ ವರ್ಷದಲ್ಲಿ ಆಸ್ಟಿನ್ನಿನಲ್ಲಿ 90 ದಿನಗಳು, ಡಲ್ಲಾಸಿನಲ್ಲಿ 71 ದಿನಗಳು 100 ಡಿಗ್ರಿ ಫ್ಯಾರನ್‌ಹೀಟನ್ನು ಮುಟ್ಟಿದವು ಅಥವಾ ದಾಟಿದವು. ಬಾನೆಟ್ಟಿನ ಕೆಳಗಿನ ತಾಪ ಅದಕ್ಕಿಂತ ಬಹಳ ಹೆಚ್ಚು. ಎಂಜಿನ್ನಿನ ಸುತ್ತ ಹರಡಿರುವ ಸಣ್ಣ ಸಣ್ಣ ವ್ಯಾಕ್ಯೂಮ್ ನಳಿಕೆಗಳು ಒಣಗಿ ಬಿರಿಯುತ್ತವೆ. ಅಳತೆಗೆ ಸಿಗದ ಕಳ್ಳಗಾಳಿ ಒಳಗೆ ಸೇರುತ್ತದೆ. ಇದರ ಗುರುತು ಸುಲಭ. ನಿಂತಾಗ ನಡುಕ, ಓಡುವಾಗ ಮೃದು. ಏಕೆಂದರೆ ನಿಂತಾಗ ಎಂಜಿನ್ನು ಎಳೆದುಕೊಳ್ಳುವ ಗಾಳಿಯೇ ಕಡಿಮೆ, ಅದರಲ್ಲಿ ಕಳ್ಳಗಾಳಿಯ ಪಾಲು ದೊಡ್ಡದು. ವೇಗದಲ್ಲಿ ಅದು ಲೆಕ್ಕಕ್ಕೆ ಬಾರದಷ್ಟು ಸಣ್ಣದು. ಇದಕ್ಕೆ ತದ್ವಿರುದ್ಧವಾಗಿ, ನಿಂತಾಗ ಶಾಂತವಾಗಿದ್ದು ಆಸ್ಟಿನ್ನಿನ ಪಶ್ಚಿಮದ ಗುಡ್ಡಗಳನ್ನು ಏರುವಾಗ ಜಗ್ಗುವ ಕಾರಿನಲ್ಲಿ ಪೆಟ್ರೋಲಿನ ಪಂಪು, ಫಿಲ್ಟರುಗಳನ್ನು, ಇಲ್ಲವೇ ಒತ್ತಡದಲ್ಲಿ ಸೋಲುವ ಕಾಯಿಲನ್ನು ಸಂದೇಹಿಸಬೇಕು.

ಓಬಿಡಿ ಯಂತ್ರದಲ್ಲಿ ‘ಫ್ಯುಯೆಲ್ ಟ್ರಿಮ್’ ಎಂಬ ಅಂಕಿಯೊಂದು ಕಾಣುತ್ತದೆ. ಮಿಶ್ರಣವನ್ನು ಸರಿದೂಗಿಸಲು ಕಂಪ್ಯೂಟರು ಪೆಟ್ರೋಲನ್ನು ಎಷ್ಟು ಹೆಚ್ಚು ಅಥವಾ ಕಡಿಮೆ ಮಾಡುತ್ತಿದೆ ಎಂಬುದರ ಶೇಕಡಾ ಲೆಕ್ಕ ಅದು. ನಿಂತಾಗ 20ರಷ್ಟು ಹೆಚ್ಚಿದ್ದು, 2500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯ ಹತ್ತಿರಕ್ಕೆ ಇಳಿದರೆ ಕಳ್ಳಗಾಳಿ ಬಹುಮಟ್ಟಿಗೆ ನಿಶ್ಚಿತ. ಏರಿಸಿದಂತೆ ಅಂಕಿಯೂ ಏರಿದರೆ ಪೆಟ್ರೋಲಿನ ಪೂರೈಕೆ ದುರ್ಬಲವಾಗಿದೆ, ಅಥವಾ ಗಾಳಿಯನ್ನು ಅಳೆಯುವ ಸೆನ್ಸರ್ ಕೊಳೆಯಾಗಿದೆ. ನಮ್ಮ ಎಷ್ಟೋ ಮಂದಿ ಕಂಪ್ಯೂಟರಿನ ಕೆಲಸದಲ್ಲಿರುವವರು. ಈ ಒಂದು ಅಂಕಿಯನ್ನು ಓದಲು ಕಲಿತರೆ ಗ್ಯಾರೇಜಿನವರೊಡನೆ ಸಮಾನವಾಗಿ ಮಾತನಾಡಬಹುದು. ಬಿರುಕು ಹುಡುಕಲು ಕಾದ ಎಂಜಿನ್ನಿನ ಮೇಲೆ ಕಾರ್ಬೊರೇಟರ್ ಕ್ಲೀನರನ್ನು ಸಿಂಪಡಿಸುವ ಪದ್ಧತಿಯೊಂದಿದೆ. ಅದು ಬೆಂಕಿಗೆ ಆಹ್ವಾನ. ಹೊಗೆ ತುಂಬಿಸಿ ನೋಡುವ ಯಂತ್ರ ಒಳ್ಳೆಯ ಗ್ಯಾರೇಜುಗಳಲ್ಲಿದೆ; ಅದನ್ನೇ ಕೇಳಬೇಕು.

ಸ್ಥಳೀಯವಾದ ಇನ್ನೆರಡು ಕಾರಣಗಳನ್ನು ಹೇಳಬೇಕು. 2017ರ ಆಗಸ್ಟಿನಲ್ಲಿ ಹಾರ್ವೀ ಚಂಡಮಾರುತದ ನೆರೆಯಲ್ಲಿ ಹ್ಯೂಸ್ಟನ್ ಪ್ರಾಂತದ ಲಕ್ಷಾಂತರ ವಾಹನಗಳು ಮುಳುಗಿದವು. ನೆರೆಯಲ್ಲಿ ನೆನೆದ ಕಾರು ಒಣಗಿ, ಥಳಥಳಿಸಿ, ಕೈ ಬದಲಿಸಿ ಬಂದರೂ ಅದರ ತಂತಿಯ ಕೊಂಡಿಗಳಲ್ಲಿ ಹಸಿರು ತುಕ್ಕು ಒಳಗೊಳಗೇ ಬೆಳೆಯುತ್ತಿರುತ್ತದೆ. ಅಂಥ ಕಾರು ಇಂದು ಒಂದನೆಯ, ನಾಳೆ ಮೂರನೆಯ ಸಿಲಿಂಡರೆಂದು ಅಲೆದಾಡಿಸುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮೊದಲು ಕೊಂಡಿಗಳನ್ನು ಬಿಡಿಸಿ ನೋಡಬೇಕು, ಕಾರಿನ ಪೂರ್ವಚರಿತ್ರೆಯನ್ನು ತರಿಸಬೇಕು. ಎರಡನೆಯದು ನಾವೇ ಮಾಡಿಕೊಳ್ಳುವುದು. ಬೇಸಗೆ ರಜೆಗೆಂದು ಆರೆಂಟು ವಾರ ಊರಿಗೆ ಹೋಗಿ ಬಂದಾಗ ಕಾರು ಆ ಬಿಸಿಲಿನಲ್ಲಿ ನಿಂತಲ್ಲೇ ನಿಂತಿರುತ್ತದೆ. ಬ್ಯಾಟರಿ ಸೊರಗಿರುತ್ತದೆ, ಪೆಟ್ರೋಲು ಹಳಸಿರುತ್ತದೆ, ಅಳಿಲೋ ಇಲಿಯೋ ತಂತಿಯನ್ನು ಕಡಿದಿರುವುದೂ ಉಂಟು. ಬಂದ ವಾರದಲ್ಲಿಯೇ ಎಂಜಿನ್ನು ಕುಂಟಿದರೆ ಮೊದಲು ಬಾನೆಟ್ಟೆತ್ತಿ ತಂತಿಗಳ ಮೇಲೆ ಕಣ್ಣಾಡಿಸುವುದು.

ಕಿಡಿಯೂ ಸರಿ, ಪೆಟ್ರೋಲೂ ಸರಿ, ಆದರೂ ಅದೇ ಸಿಲಿಂಡರು ತಪ್ಪುತ್ತಿದೆ ಎಂದಾದರೆ ಉಳಿಯುವುದು ಕಂಪ್ರೆಶನ್. ಪ್ಲಗ್ಗುಗಳನ್ನು ತೆಗೆದು, ಪೆಟ್ರೋಲು ಮತ್ತು ಕಿಡಿಯನ್ನು ನಿಲ್ಲಿಸಿ, ಒಂದೊಂದು ಸಿಲಿಂಡರಿಗೂ ಮಾಪಕ ಹಾಕಿ ಸ್ಟಾರ್ಟರನ್ನು ತಿರುಗಿಸಿ ಓದುತ್ತಾರೆ. ನಾಲ್ಕೂ ಅಂಕಿಗಳು ಹತ್ತಿರ ಹತ್ತಿರವಿರಬೇಕು. ಒಂದು ಮಾತ್ರ ತೀರ ಕಡಿಮೆಯಿದ್ದರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ: ಅಂಕಿ ಏರಿದರೆ ರಿಂಗು, ಏರದಿದ್ದರೆ ವಾಲ್ವು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕುಸಿದಿದ್ದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್. ಹಳೆಯ ಹೊಂಡಾಗಳ ವಾಲ್ವುಗಳನ್ನು ಕಾಲಕಾಲಕ್ಕೆ ಹೊಂದಿಸಬೇಕೆಂಬುದನ್ನು ಮರೆತವರಿಗೂ ಇಲ್ಲಿ ಲೆಕ್ಕ ಒಪ್ಪಿಸಬೇಕಾಗುತ್ತದೆ. ಕಾರನ್ನು ಇಟ್ಟುಕೊಳ್ಳಬೇಕೇ ಬಿಡಬೇಕೇ ಎಂಬ ತೀರ್ಮಾನವನ್ನು ಈ ಪರೀಕ್ಷೆಯ ನಂತರವೇ ಮಾಡತಕ್ಕದ್ದು. ಕಾಯಿಲಿಗಾಗಿ ಕಾರನ್ನು ಮಾರುವುದೂ ತಪ್ಪು, ಸುಟ್ಟ ವಾಲ್ವಿನ ಕಾರಿಗೆ ಕಾಯಿಲುಗಳನ್ನು ಸುರಿಯುವುದೂ ತಪ್ಪು.

ಎಲ್ಲರೂ ಕೈ ಕಪ್ಪು ಮಾಡಿಕೊಳ್ಳಬೇಕಾಗಿಲ್ಲ. ಆದರೆ ಗ್ಯಾರೇಜಿಗೆ ಹೋಗುವಾಗ ಒಂದು ಚೀಟಿ ಬರೆದುಕೊಂಡು ಹೋಗಬಹುದು: ತಣ್ಣಗಿದ್ದಾಗಲೋ ಕಾದಾಗಲೋ, ನಿಂತಾಗಲೋ ಏರುವಾಗಲೋ, ಮಳೆಯಲ್ಲೋ ಬಿಸಿಲಲ್ಲೋ, ದೀಪ ಹೊತ್ತಿತ್ತೋ ಮಿಟುಕಿತೋ, ಸಂಕೇತದ ಸಂಖ್ಯೆ ಯಾವುದು. ‘ಟ್ಯೂನಪ್ ಮಾಡಿ’ ಎಂದು ಹೇಳುವುದನ್ನು ಬಿಟ್ಟು ‘ಕಾರಣ ಕಂಡುಹಿಡಿದು ಹೇಳಿ, ಆ ಕೆಲಸಕ್ಕೆ ಹಣ ಕೊಡುತ್ತೇವೆ’ ಎನ್ನಬೇಕು. ಪರೀಕ್ಷೆಗೆ ಹಣ ಕೊಡಲು ಹಿಂಜರಿಯುವ ನಾವು ಬೇಡದ ಬಿಡಿಭಾಗಕ್ಕೆ ಅದರ ಎರಡರಷ್ಟು ಕೊಟ್ಟು ಬರುತ್ತೇವೆ. ಆರು ಸಿಲಿಂಡರಿನ ವ್ಯಾನುಗಳಿದ್ದವರು ಇನ್ನೊಂದು ಮಾತನ್ನು ಕೇಳಬೇಕು. ಅನೇಕ ಎಂಜಿನ್ನುಗಳಲ್ಲಿ ಹಿಂದಿನ ಮೂರು ಪ್ಲಗ್ಗುಗಳು ಕೈಗೆ ಸುಲಭವಾಗಿ ಎಟುಕುವುದಿಲ್ಲ. ಆರನ್ನೂ ಬದಲಿಸಿದ್ದಾದರೆ ಹಳೆಯ ಆರನ್ನೂ ತೋರಿಸಲಿ.

ಕೊನೆಯದಾಗಿ ಸರ್ಕಾರಿ ವಿಚಾರ. 2025ರ ಜನವರಿ 1ರಿಂದ ಟೆಕ್ಸಾಸಿನಲ್ಲಿ ಖಾಸಗಿ ಕಾರುಗಳ ವಾರ್ಷಿಕ ಸುರಕ್ಷತಾ ತಪಾಸಣೆ ರದ್ದಾಯಿತು. ಹೊಗೆಯ ತಪಾಸಣೆ ಹೋಗಲಿಲ್ಲ. ನಾವು ಹೆಚ್ಚಾಗಿ ವಾಸಿಸುವ ಡಲ್ಲಾಸ್, ಕಾಲಿನ್, ಡೆಂಟನ್, ಟ್ಯಾರಂಟ್, ಹ್ಯಾರಿಸ್, ಫೋರ್ಟ್ ಬೆಂಡ್, ಟ್ರಾವಿಸ್, ವಿಲಿಯಮ್ಸನ್ ಕೌಂಟಿಗಳಲ್ಲಿ 2ರಿಂದ 24 ವರ್ಷದೊಳಗಿನ ಪೆಟ್ರೋಲ್ ಕಾರುಗಳು ಅದರಲ್ಲಿ ತೇರ್ಗಡೆಯಾಗದೆ ನೋಂದಣಿ ನವೀಕರಣವಾಗುವುದಿಲ್ಲ. ಚೆಕ್ ಎಂಜಿನ್ ದೀಪ ಹೊತ್ತಿದ್ದರೆ ಅನುತ್ತೀರ್ಣ. ಹಾಗೆಂದು ತಪಾಸಣೆಯ ದಿನ ಬೆಳಿಗ್ಗೆ ಬ್ಯಾಟರಿಯ ತಂತಿ ಕಳಚಿ ದೀಪವನ್ನು ಆರಿಸಿಕೊಂಡು ಹೋದರೆ ಪ್ರಯೋಜನವಿಲ್ಲ. ಕಾರಿನ ಕಂಪ್ಯೂಟರು ತನ್ನ ಸ್ವಯಂಪರೀಕ್ಷೆಗಳನ್ನು ಮುಗಿಸಿಲ್ಲವೆಂಬುದು ತಪಾಸಣೆಯ ಯಂತ್ರಕ್ಕೆ ತಿಳಿಯುತ್ತದೆ; ಕಾರನ್ನು ಹಿಂದಕ್ಕೆ ಕಳುಹಿಸುತ್ತಾರೆ. ದುರಸ್ತಿಯಾದ ಮೇಲೆ ಕೆಲವು ದಿನ ಊರೊಳಗೂ ಹೆದ್ದಾರಿಯಲ್ಲೂ ಎಂದಿನಂತೆ ಓಡಿಸಿ, ಅದೇ ಓಬಿಡಿ ಯಂತ್ರದಲ್ಲಿ ‘ರೆಡಿ’ ಎಂದು ಬಂದಿದೆಯೇ ನೋಡಿಕೊಂಡು, ನೋಂದಣಿಯ ಗಡುವಿಗೆ ಮೂರು ವಾರ ಮೊದಲೇ ಹೋಗುವುದು ಜಾಣತನ.

ಊಟಕ್ಕೆ ಇನ್ನೂ ಅರ್ಧ ಗಂಟೆಯಿದೆ ಎಂದು ಕಾರ್ಯದರ್ಶಿಗಳು ಸೂಚಿಸುತ್ತಿದ್ದಾರೆ. ಹೊರಗೆ ನೆರಳಿನಲ್ಲಿ ಎರಡು ಹಳೆಯ ಕಾರುಗಳನ್ನು ನಿಲ್ಲಿಸಿದ್ದೇವೆ. ಎಂಜಿನ್ನುಗಳು ಈ ಹೊತ್ತಿಗೆ ಆರಿವೆ. ಬಾನೆಟ್ ತೆರೆದು ಒಂದನೆಯ ಸಿಲಿಂಡರು ಯಾವುದು, ಕಾಯಿಲ್ ಬಿಚ್ಚುವುದು ಹೇಗೆ ಎಂದು ತೋರಿಸುತ್ತೇವೆ. ಮುಂದಿನ ತಿಂಗಳು ಕಾಲೇಜಿಗೆ ಹೊರಡುವ ಮಕ್ಕಳು ಮುಂದೆ ಬಂದು ನಿಲ್ಲಲಿ, ಹಿರಿಯರು ಹಿಂದೆ.